23 ಸೆಂಟಿಮೀಟರ್ ಬ್ಯಾಗಿಗೆ ಒಂದು ಕೊಡೆ

ಮೇ ಕೊನೆಯ ವಾರ

ಅಮ್ಮನ ವ್ಯಾನಿಟಿ ಬ್ಯಾಗಿನ ಒಳಗಿನ ಉದ್ದ 23 ಸೆಂ.ಮೀ. ಈ ಕೆಲಸ ಶುರುವಾದದ್ದೇ ಆ ಅಳತೆಯಿಂದ.

ಅಮ್ಮ ಉದ್ದನೆಯ ಕೊಡೆಯನ್ನು ಬಸ್ಸಿನ ಮುಂದಿನ ಸೀಟಿನ ಕಂಬಿಗೆ ಸಿಕ್ಕಿಸಿ, ಹಾಗೇ ಇಳಿದು ಬಂದದ್ದು ಹೋದ ಮಳೆಗಾಲದಲ್ಲಿ ಎರಡು ಸಲ. ಆಮೇಲೆ ಫೈವ್ ಫೋಲ್ಡ್, ಅಂದರೆ ಐದು ಮಡಿಕೆಯ ಕೊಡೆ ತಂದುಕೊಟ್ಟೆ. ಮಡಚಿದರೆ 18 ಸೆಂ.ಮೀ., ಬ್ಯಾಗಿನಲ್ಲಿ ಸಲೀಸಾಗಿ ಕೂರುತ್ತಿತ್ತು. ಆದರೆ ಬಿಚ್ಚಿದಾಗ ಅಮ್ಮನ ಒಂದು ಭುಜ ಹೊರಗೇ ಉಳಿಯುತ್ತಿತ್ತು. ಕೊಪ್ಪದ ಬಸ್ ಸ್ಟ್ಯಾಂಡಿನಿಂದ ಮನೆ ಕಡೆ ತಿರುಗುವಲ್ಲಿ ಒಂದು ಸಂಜೆ ಗಾಳಿಗೆ ಮಗುಚಿಕೊಂಡು ಮೂರು ಕಡ್ಡಿ ಒಟ್ಟಿಗೇ ಹೋದವು. ಅಮ್ಮ ನೆನೆದು ಬಂದು ನಾಲ್ಕು ದಿನ ಜ್ವರದಲ್ಲಿ ಮಲಗಿದರು.

ಈ ವರ್ಷ ಕೊಡೆಯನ್ನು ನಾನೇ ಮಾಡುತ್ತೇನೆ. ಮಡಚಿದಾಗ 23ರ ಒಳಗೆ ಇರಬೇಕು. ಬಿಚ್ಚಿದಾಗ ಒಂದು ತುದಿಯಿಂದ ಎದುರು ತುದಿಗೆ 96 ಸೆಂ.ಮೀ. ಬೇಕು. ತೂಕ 400 ಗ್ರಾಂ ದಾಟಬಾರದು. ನಮ್ಮೂರ ಗಾಳಿಗೆ ಮಗುಚಬಾರದು. ಮನೆಯ ಅಟ್ಟದಲ್ಲಿ ಮತ್ತು ನೆರೆಮನೆಗಳಲ್ಲಿ ಹುಡುಕಿ ಏಳು ಹಾಳಾದ ಕೊಡೆಗಳನ್ನು ಒಟ್ಟು ಮಾಡಿದ್ದೇನೆ.

ಏಳನ್ನೂ ಬಿಚ್ಚಿ ಹಾಸಿಗೆಯ ಮೇಲೆ ಹರಡಿ ನೋಡಿದೆ. ಕಡ್ಡಿಯ ನಟ್ಟನಡುವೆ ಮುರಿದದ್ದು ಒಂದೇ ಒಂದು. ಉಳಿದ ಆರೂ ಕೀಲಿನಲ್ಲಿ ಹೋಗಿವೆ: ರಿವೆಟ್ ಉದುರಿದೆ, ತೂತು ಹರಿದಿದೆ, ಇಲ್ಲವೇ ಕೀಲಿನ ಪಕ್ಕದ ತಗಡು ಬಾಯಿ ಬಿಟ್ಟಿದೆ.

ಮೃಗಶಿರ ಮಳೆ, ಮೊದಲ ವಾರ

ನಾನು ಮಾಡುತ್ತಿರುವುದು ತ್ರೀ ಫೋಲ್ಡ್, ಮೂರು ಮಡಿಕೆಯ ಕೊಡೆ. ಅದರ ಒಂದೊಂದು ಕಡ್ಡಿಯೂ ಮೂರು ತುಂಡು. ಮಡಚಿದಾಗ ಮೊದಲ ತುಂಡು ನೆತ್ತಿಯಿಂದ ಕೆಳಕ್ಕೆ ಇಳಿಯುತ್ತದೆ, ಎರಡನೆಯದು ಅದರ ಪಕ್ಕದಲ್ಲೇ ಮೇಲಕ್ಕೆ ಹೋಗುತ್ತದೆ, ಮೂರನೆಯದು ಮತ್ತೆ ಕೆಳಕ್ಕೆ ಬರುತ್ತದೆ. ತುದಿಗಳು ಹಿಡಿಯ ಹತ್ತಿರ ಬಂದು ನಿಲ್ಲುತ್ತವೆ. ಕಾವಿನ, ಅಂದರೆ ನಡುವಿನ ಕೋಲಿನ, ಮೇಲೆ ಜಾರುವ ಬಳೆಯನ್ನು ಮೇಲಕ್ಕೆ ತಳ್ಳಿದರೆ ಅದಕ್ಕೆ ಸೇರಿದ ಆಸರೆ ಕಡ್ಡಿ ಮೊದಲ ತುಂಡನ್ನು ಎತ್ತುತ್ತದೆ. ಪಕ್ಕದಲ್ಲಿ ಓಡುವ ತೆಳು ತಂತಿ ಮುಂದಿನ ತುಂಡಿನ ಬಾಲವನ್ನು, ಅಂದರೆ ಕೀಲಿನಿಂದ ಆಚೆಗೆ ಚಾಚಿದ ಗಿಡ್ಡ ತುದಿಯನ್ನು, ಎಳೆಯುತ್ತದೆ, ಆ ತುಂಡು ತಿರುಗಿ ನೇರವಾಗುತ್ತದೆ. ಕೈಯ ಸ್ನಾಯು ಎಳೆದಾಗ ಬೆರಳು ಚಾಚಿಕೊಳ್ಳುವ ಹಾಗೆ.

1928ರಲ್ಲಿ ಜರ್ಮನಿಯ ಹನ್ಸ್ ಹಾಪ್ಟ್ ಜೇಬಿನಲ್ಲಿ ಇಡಬಹುದಾದಂಥ ಕೊಡೆಯನ್ನು ಯೋಚಿಸಿದ್ದು ಒಂದರೊಳಗೊಂದು ಜಾರುವ ಕಾವಿನಿಂದ. ಮೊದಲ ಮಹಾಯುದ್ಧದಲ್ಲಿ ಗಾಯಗೊಂಡಿದ್ದ ಅವನಿಗೆ ಊರುಗೋಲು ಬೇಕಿತ್ತು. ಕೋಲಿನ ಜೊತೆಗೆ ಉದ್ದದ ಕೊಡೆಯನ್ನೂ ಹಿಡಿದು ನಡೆಯುವುದು ಕಷ್ಟವಾಗಿತ್ತು. ಅದೇ ಕೊಡೆ ಕ್ನಿರ್ಪ್ಸ್ ಹೆಸರಲ್ಲಿ ಪೇಟೆಗೆ ಬಂತು. ಅದಕ್ಕೂ ಬಹಳ ಹಿಂದೆ, 1710ರಲ್ಲಿ, ಪ್ಯಾರಿಸ್ಸಿನ ಝಾನ್ ಮಾರಿಯುಸ್ ಮಡಚುವ ಕೊಡೆಗೆ ರಾಜನಿಂದ ಹಕ್ಕುಪತ್ರ ಪಡೆದಿದ್ದ. ಮುನ್ನೂರು ವರ್ಷಗಳಿಂದ ಜನ ಇದೇ ತೊಡಕನ್ನು ಬಿಡಿಸುತ್ತ ಬಂದಿದ್ದಾರೆ ಎಂದು ತಿಳಿದಾಗ ನನಗೆ ಧೈರ್ಯ ಬಂತು.

ನನ್ನ ಮೊದಲ ಲೆಕ್ಕ: ಒಂದು ಕಡ್ಡಿಯ ಒಟ್ಟು ಉದ್ದ 54 ಸೆಂ.ಮೀ. (ಕೊಡೆ ಗುಮ್ಮಟದಂತೆ ಬಾಗುವುದರಿಂದ 96ರ ಅರ್ಧಕ್ಕಿಂತ ಹೆಚ್ಚು ಬೇಕು), ಮೂರರಿಂದ ಭಾಗಿಸಿದರೆ 18. ಮೇಲಿನ ಟೋಪಿಗೆ 1, ನಡುವೆ ಅರ್ಧ ಸೆಂಟಿಮೀಟರ್ ಸಂದು, ಹಿಡಿಗೆ 4. ಕೂಡಿದರೆ 23.5. ಅರ್ಧ ಸೆಂಟಿಮೀಟರ್ ಹೆಚ್ಚಾಯಿತು. ಬ್ಯಾಗಿನ ಜಿಪ್ ಹಾಕಲು ಬರುವುದಿಲ್ಲ.

ಎರಡು ದಿನ ಹಿಡಿಯನ್ನು ಗಿಡ್ಡ ಮಾಡುವ ಯೋಚನೆಯಲ್ಲೇ ಇದ್ದೆ. ಆದರೆ ಅಮ್ಮನ ಬೆರಳುಗಳಲ್ಲಿ ಸಂಧಿವಾತ. 4 ಸೆಂಟಿಮೀಟರಿಗಿಂತ ಚಿಕ್ಕ ಹಿಡಿ ಅವರಿಗೆ ಬಿಗಿಯಾಗಿ ಸಿಗುವುದಿಲ್ಲ. ದಾರಿ ತೋರಿಸಿದ್ದು ಹಳೆಯದೊಂದು ಕೊಡೆಯ ಹಿಡಿ. ಅದರ ಬಾಯಿ ಬಟ್ಟಲಿನಂತೆ ಟೊಳ್ಳು, ಕಡ್ಡಿಯ ತುದಿಗಳು ಅದರೊಳಗೆ ಇಳಿದು ಕೂರುತ್ತವೆ. ಅಂದರೆ ಕೊನೆಯ ತುಂಡು ಉದ್ದವಾದರೂ ಕೊಡೆ ಉದ್ದವಾಗುವುದಿಲ್ಲ. ಉದ್ದವನ್ನು ನಿರ್ಧರಿಸುವುದು ಮೊದಲ ತುಂಡು. 18, 18, 18ರ ಬದಲು 17, 17.5, 19.5 ಎಂದು ಭಾಗ ಮಾಡಿದೆ. ಒಟ್ಟು 54ಕ್ಕೆ ಏನೂ ಕಡಿಮೆಯಾಗಲಿಲ್ಲ. ಮಡಚಿದ ಉದ್ದ 22.5ಕ್ಕೆ ಇಳಿಯಿತು.

ಕಾವನ್ನು ನಾನು ಮಾಡಲಿಲ್ಲ. ಏಳರಲ್ಲಿ ಒಂದರ ಕಾವು ಗಟ್ಟಿಯಾಗಿತ್ತು, ಅದನ್ನೇ ತೊಳೆದು ಎಣ್ಣೆ ಹಾಕಿ ಇಟ್ಟುಕೊಂಡೆ.

ಆರಿದ್ರಾ ಮಳೆ

ಹೊರಗೆ ಮೂರು ದಿನದಿಂದ ಹೊಳವಾಗಿಲ್ಲ. ಶಾಲೆಗೆ ರಜೆ ಕೊಟ್ಟಿದ್ದಾರೆ. ಎಂಟೂ ಕಡ್ಡಿ ಜೋಡಿಸಿ ಮುಗಿಸಿದೆ.

ಕಡ್ಡಿಗೆ ಬಳಸಿದ್ದು ಹಳೆಯ ಕೊಡೆಗಳ ಉಕ್ಕಿನ ದೋಣಿಪಟ್ಟಿ. ಅಡ್ಡ ಕೊಯ್ದು ನೋಡಿದರೆ ಇಂಗ್ಲಿಷಿನ ಯು ಅಕ್ಷರದಂತೆ ಕಾಣುತ್ತದೆ. ಇಂಗ್ಲೆಂಡಿನ ಸ್ಯಾಮ್ಯುಯೆಲ್ ಫಾಕ್ಸ್ 1852ರಲ್ಲಿ ತಂದದ್ದು ಈ ಆಕಾರ. ಗಟ್ಟಿ ಸರಳಿನಷ್ಟೇ ಬಿಗಿ ಇದ್ದೂ ಭಾರ ಎಷ್ಟೋ ಕಡಿಮೆ. ಮಡಚುವ ಕೊಡೆಗೆ ಇದರಿಂದ ಇನ್ನೊಂದು ಉಪಕಾರವಿದೆ: ಎಳೆಯುವ ತಂತಿ ಆ ದೋಣಿಯೊಳಗೇ ಮಲಗಿಕೊಳ್ಳುತ್ತದೆ, ಬೇರೆ ಜಾಗ ಕೇಳುವುದಿಲ್ಲ.

ಬಟ್ಟೆ ಹಾಕದೆ ಬರೀ ಹಂದರವನ್ನು ಬಿಚ್ಚಿ ನೋಡಿದಾಗ ಮನಸ್ಸು ಇಳಿದುಹೋಯಿತು. ಎಂಟು ತುದಿಗಳಲ್ಲಿ ಐದು ಜೋತುಬಿದ್ದಿವೆ. ಬೆರಳಿನಿಂದ ಎತ್ತಿದರೆ ಏಳುತ್ತವೆ, ಬಿಟ್ಟರೆ ಬೀಳುತ್ತವೆ.

ಬಸ್ ಸ್ಟ್ಯಾಂಡಿನ ಹತ್ತಿರ ಮಳೆಗಾಲದಲ್ಲಿ ಮಾತ್ರ ಕೂರುವ ಕೊಡೆ ರಿಪೇರಿಯ ಕಾಕಾನ ಬಳಿ ಒಯ್ದೆ. ಅವರು ಕೊಡೆಯನ್ನು ಕಣ್ಣಿನಿಂದ ನೋಡಲೇ ಇಲ್ಲ. ಕೊನೆಯ ಕೀಲನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಅಲ್ಲಾಡಿಸಿ, ಕಿವಿಯ ಹತ್ತಿರ ತಂದರು.

"ಕೇಳ್ತದಾ ಟೀಚರೇ? ಟಿಕ್ ಟಿಕ್ ಅಂತದೆ. ಹಳೇ ತೂತಿಗೆ ಹೊಸ ಮೊಳೆ ಹಾಕಿದೀರಿ. ಇಲ್ಲಿ ಒಂದು ಕೂದಲು ಸಡಿಲ ಇದ್ರೆ ಅಲ್ಲಿ ಒಂದು ಬೆರಳು ಇಳೀತದೆ."

ಮನೆಗೆ ಬಂದು ಲೆಕ್ಕ ಹಾಕಿದೆ. ಬಾಲದ ತೂತಿಗೂ ಕೀಲಿಗೂ ನಡುವೆ 6 ಮಿ.ಮೀ. ತೂತು 2.3 ಮಿ.ಮೀ., ಒಳಗಿನ ಪಿನ್ 2.0. ಸಡಿಲ 0.3. ಇದನ್ನು 6ರಿಂದ ಭಾಗಿಸಿ ಕೊನೆಯ ತುಂಡಿನ 195 ಮಿ.ಮೀ.ಗೆ ಗುಣಿಸಿದರೆ ಹತ್ತಿರ ಹತ್ತಿರ 10 ಮಿ.ಮೀ. ಕಾಕಾ ಹೇಳಿದ ಒಂದು ಬೆರಳೇ. ಗಣಿತ ಪಾಠ ಮಾಡುವ ನಾನು ಸನ್ನೆಗೋಲಿನ ಲೆಕ್ಕವನ್ನು ವರ್ಷ ವರ್ಷವೂ ಹಲಗೆಯ ಮೇಲೆ ಬರೆಯುತ್ತೇನೆ. ಅದು ಕಿವಿಗೆ ಕೇಳಿಸುತ್ತದೆ ಎಂದು ಗೊತ್ತಾದದ್ದು ಈಗ.

ಬಾಲವನ್ನು 9 ಮಿ.ಮೀ.ಗೆ ಉದ್ದ ಮಾಡಿದರೆ ಇಳಿತ ಆರೂವರೆ ಮಿ.ಮೀ.ಗೆ ಬರುತ್ತದೆ. ಆದರೆ ಎಂಟೂ ಬಾಲಗಳು ಸುತ್ತ ಹೊರಚಾಚಿ, ಮಡಚಿದ ಕೊಡೆ 6 ಮಿ.ಮೀ. ದಪ್ಪವಾಗುತ್ತದೆ. ಅಮ್ಮನ ಬ್ಯಾಗಿನಲ್ಲಿ ಕನ್ನಡಕದ ಪೆಟ್ಟಿಗೆಗೂ ಜಾಗ ಬೇಕು. ಆದ್ದರಿಂದ ಸಡಿಲವನ್ನೇ ತೆಗೆಯಬೇಕು.

ಪುನರ್ವಸು ಮಳೆ

ಹದಿನಾರು ಕೀಲುಗಳನ್ನೂ ಬಿಚ್ಚಿ ಮತ್ತೆ ಕಟ್ಟಿದೆ. ಒಂದೊಂದಕ್ಕೂ ಮುಕ್ಕಾಲು ಗಂಟೆ ಹಿಡಿಯಿತು.

ಹರಿದ ತೂತಿನ ಮೇಲೆ ತೆಳು ಉಕ್ಕಿನ ಪಟ್ಟಿ ಇಟ್ಟು ಬೆಸುಗೆ ಹಾಕಿಸಿ, ಆಮೇಲೆ ಹೊಸದಾಗಿ 2 ಮಿ.ಮೀ. ತೂತು ಕೊರೆದೆ. ಇದರಿಂದ ಪಿನ್ನು ಒರಗುವ ಅಂಚು ಎರಡರಷ್ಟು ದಪ್ಪವಾಯಿತು. ಮೊದಲು ಅಲ್ಲಿ ಇದ್ದದ್ದು ಅರ್ಧ ಮಿ.ಮೀ.ಗಿಂತ ತೆಳುವಾದ ತಗಡು. ಅಂಥ ತಗಡು ಚಾಕುವಿನ ಹಾಗೆ ಪಿನ್ನನ್ನು ಕೊರೆಯುತ್ತಲೇ ಇರುತ್ತದೆ.

ಪಿನ್ನಿಗೆ ಸೈಕಲ್ ಸ್ಪೋಕ್. ಕಾಕಾನೇ ಕೊಟ್ಟ ಉಪಾಯ. ಸರಿಯಾಗಿ 2 ಮಿ.ಮೀ. ಗಾತ್ರ, ಒಳ್ಳೆಯ ಉಕ್ಕು, ಸೈಕಲ್ ಶಾಪಿನಲ್ಲಿ ಹಳೆಯದನ್ನು ಸುಮ್ಮನೆ ಕೊಡುತ್ತಾರೆ. 5 ಮಿ.ಮೀ. ತುಂಡು ಕತ್ತರಿಸಿ ಅರದಿಂದ ಎರಡೂ ತುದಿ ಸಮ ಮಾಡಬೇಕು. ಕೀಲಿನೊಳಗೆ ತೂರಿಸಿ, ನಡುವೆ ಒಂದು ಪದರ ಕಾಗದ ಇಟ್ಟು, ಚಿಕ್ಕ ಸುತ್ತಿಗೆಯಿಂದ ತುದಿಯ ಅಂಚಿಗೆ ಸುತ್ತಲೂ ಮೆಲ್ಲಗೆ ಬಡಿಯಬೇಕು. ನಡುವಿಗೆ ಬಡಿದರೆ ಪಿನ್ನು ಬಾಗುತ್ತದೆ. ಅಂಚಿಗೆ ಬಡಿದರೆ ಅಣಬೆಯ ಹಾಗೆ ತಲೆ ಅರಳುತ್ತದೆ. ಕೊನೆಗೆ ಕಾಗದವನ್ನು ಹರಿದು ಎಳೆದು ತೆಗೆದರೆ ಆ ಒಂದು ಪದರದಷ್ಟೇ ಜಾಗ ಉಳಿಯುತ್ತದೆ. ಕೀಲು ಸಲೀಸಾಗಿ ತಿರುಗುತ್ತದೆ, ಅಲ್ಲಾಡುವುದಿಲ್ಲ. ಒಂದು ಹನಿ ಮಷಿನ್ ಎಣ್ಣೆ ಹಾಕಿದರೆ ಮುಗಿಯಿತು.

ಹದಿನಾರನ್ನೂ ಕಿವಿಯ ಹತ್ತಿರ ಹಿಡಿದು ಕೇಳಿದೆ. ಟಿಕ್ ಎನ್ನುವ ಸದ್ದು ಎಲ್ಲೂ ಇಲ್ಲ. ಬಿಚ್ಚಿದರೆ ಎಂಟೂ ತುದಿ ಒಂದೇ ಮಟ್ಟದಲ್ಲಿ ನಿಂತವು. ಆವತ್ತು ರಾತ್ರಿ ಹನ್ನೊಂದು ಗಂಟೆಗೆ ಅಮ್ಮನನ್ನು ಎಬ್ಬಿಸಿ ತೋರಿಸಿದೆ.

ನಮ್ಮಜ್ಜಿ ನೆಟ್ಟಿಗೆ ಗದ್ದೆಗೆ ಹೋಗುವಾಗ ಗೊರಬು ಹಾಕಿಕೊಳ್ಳುತ್ತಿದ್ದರು. ಬಿದಿರಿನ ಹಂದರ, ಅದರ ಮೇಲೆ ಎಲೆ. ನೆತ್ತಿಯಿಂದ ಸೊಂಟದವರೆಗೆ ಮುಚ್ಚುತ್ತಿತ್ತು, ಎರಡು ಕೈಯೂ ಬಿಡುವಾಗಿರುತ್ತಿದ್ದವು. ಅದರಲ್ಲಿ ಒಂದೂ ಕೀಲಿಲ್ಲ, ಗಾಳಿ ಅದನ್ನು ಮಗುಚಿದ್ದನ್ನು ನಾನು ನೋಡಿಲ್ಲ. ಮಡಚಬೇಕು ಎಂದ ಕೂಡಲೇ ಕೀಲು ಬರುತ್ತದೆ, ಕೀಲಿನ ಜೊತೆಗೇ ಈ ಎಲ್ಲ ಪಾಡೂ ಬರುತ್ತದೆ. ಐದು ಮಡಿಕೆಯ ಕೊಡೆಯನ್ನು ಇನ್ನು ಯಾರಿಗೂ ತೆಗೆದುಕೊಳ್ಳಿ ಎಂದು ನಾನು ಹೇಳಲಾರೆ, ಮಲೆನಾಡಿನವರಿಗಂತೂ ಇಲ್ಲ. ಮೂರೇ ಸಾಕು, ಅದನ್ನು ಚೆನ್ನಾಗಿ ಕಟ್ಟಿದರೆ.

ಪುಷ್ಯ ಮಳೆ

ಬಟ್ಟೆ. ಎಂಟು ಕಲಿ, ಅಂದರೆ ಎರಡು ಕಡ್ಡಿಗಳ ನಡುವಿನ ಬಟ್ಟೆಯ ತುಂಡು. ಒಂದೊಂದೂ ಬುಡದಲ್ಲಿ 36.7 ಸೆಂ.ಮೀ. ಅಗಲ.

ಕಲಿಯ ಬದಿಯನ್ನು ನೇರವಾಗಿ ಕತ್ತರಿಸಬಾರದು. ಕೊಡೆ ಗುಮ್ಮಟದ ಆಕಾರದ್ದು. ನೇರ ತ್ರಿಕೋನವಾದರೆ ಅರ್ಧ ಎತ್ತರದಲ್ಲಿ ಅಗಲ 18.4 ಆಗುತ್ತದೆ, ಗುಮ್ಮಟಕ್ಕೆ ಅಲ್ಲಿ ಬೇಕಾದದ್ದು 20. ಹಾಗಾಗಿ ಎರಡೂ ಬದಿ ಎಂಟೊಂಬತ್ತು ಮಿ.ಮೀ. ಹೊರಕ್ಕೆ ಬಾಗಬೇಕು. ದಪ್ಪ ರಟ್ಟಿನಲ್ಲಿ ಒಂದು ಅಚ್ಚು ಕತ್ತರಿಸಿ ಎಂಟಕ್ಕೂ ಅದನ್ನೇ ಇಟ್ಟೆ. ಅಮ್ಮ ತಮ್ಮ ಹೊಲಿಗೆ ಮಷಿನ್ನಿನಲ್ಲಿ ಹೊಲಿದುಕೊಟ್ಟರು.

ಮೊದಲ ಬಟ್ಟೆ ನೈಲಾನ್. ಅಂಗಡಿಯಲ್ಲಿ ಪ್ಯಾರಾಚೂಟ್ ಬಟ್ಟೆ ಎಂದು ಕೊಟ್ಟರು. ಒಣಗಿದಾಗ ತಬಲದ ಹಾಗೆ ಬಿಗಿಯಾಗಿತ್ತು. ಮಳೆಯಲ್ಲಿ ಹತ್ತು ನಿಮಿಷ ಹಿಡಿದದ್ದೇ ಕಡ್ಡಿಗಳ ನಡುವೆ ಜೋಲಿಯಾಗಿ ನೀರು ನಿಂತಿತು. ನೈಲಾನ್ ನೀರು ಹೀರಿ ಹಿಗ್ಗುತ್ತದೆ. ಪಾಲಿಯೆಸ್ಟರ್ ಹೆಚ್ಚು ಹಿಗ್ಗುವುದಿಲ್ಲ. ಎರಡನೆಯ ಸಲ ಪಾಲಿಯೆಸ್ಟರ್ ತಂದು, ಒಂದೊಂದು ಕಲಿಯ ಅಗಲದಲ್ಲೂ 3 ಮಿ.ಮೀ. ಕಡಿಮೆ ಇಟ್ಟು ಹೊಲಿದೆವು. ಈಗ ನೆನೆದರೂ ಬಿಗಿ ಹೋಗುವುದಿಲ್ಲ.

ಇನ್ನು ಗಾಳಿ. ಗಂಟೆಗೆ 36 ಕಿ.ಮೀ. ಗಾಳಿ ಈ ಕೊಡೆಯ ಹೊಟ್ಟೆಗೆ ನೇರವಾಗಿ ಬಡಿದರೆ ಕನಿಷ್ಠ 4 ಕೆ.ಜಿ. ತಳ್ಳು ಬೀಳುತ್ತದೆ. 54 ಕಿ.ಮೀ. ಆದರೆ 9 ಕೆ.ಜಿ. ಗಾಳಿ ಒಂದೂವರೆಪಟ್ಟು ಆದರೆ ತಳ್ಳು ಎರಡೂ ಕಾಲುಪಟ್ಟು. ಪರೀಕ್ಷೆಗೆ ಕೊಡೆಯನ್ನು ತಲೆಕೆಳಗು ಮಾಡಿ, ನೆತ್ತಿ ಕೆಳಗೆ ಬರುವಂತೆ, ಜಗುಲಿಯ ಕಂಬಕ್ಕೆ ಕಟ್ಟಿದೆ. ಎಂಟೂ ತುದಿಗೆ ಅರ್ಧ ಲೀಟರಿನ ಬಾಟ್ಲಿ ಕಟ್ಟಿ ಎಲ್ಲದಕ್ಕೂ ಸಮವಾಗಿ ನೀರು ತುಂಬುತ್ತ ಹೋದೆ. ಭಾರವೆಲ್ಲ ತುದಿಯಲ್ಲೇ ಇರುವುದರಿಂದ ಇದು ಗಾಳಿಗಿಂತ ಕಠಿಣ. 300 ಮಿ.ಲೀ. ಹತ್ತಿರ ಬಂದಾಗ ಎರಡು ಕಡ್ಡಿಗಳ ಕೊನೆಯ ತುಂಡು ಕೀಲಿನ ಪಕ್ಕದಲ್ಲೇ ಮಡಚಿಕೊಂಡಿತು. ಪಿನ್ನಿಗೆ ಏನೂ ಆಗಿಲ್ಲ. ದೋಣಿಪಟ್ಟಿಯ ತುಟಿಗಳು ಅಗಲವಾಗಿ ತಗಡು ಚಪ್ಪಟೆಯಾಗಿತ್ತು. ಚಪ್ಪಟೆಯಾದ ಮೇಲೆ ಅದರಲ್ಲಿ ಏನೂ ಬಲವಿಲ್ಲ.

ಕೊನೆಯ ಎಂಟು ತುಂಡುಗಳನ್ನು ಬದಲಿಸಿದೆ. ಹಾಳಾದ ಒಂದು ದೊಡ್ಡ ಕೊಡೆಯಿಂದ ತೆಗೆದ ಫೈಬರ್ ಗ್ಲಾಸ್ ಕಡ್ಡಿಗಳು ಅವು. ಉಕ್ಕು ಒಮ್ಮೆ ಮಡಚಿಕೊಂಡರೆ ಹಾಗೇ ಉಳಿಯುತ್ತದೆ. ಇದು ಬಿಲ್ಲಿನಂತೆ ಬಾಗಿ ಮತ್ತೆ ನೇರವಾಗುತ್ತದೆ. ಕೀಲಿನ ಭಾಗಕ್ಕೆ ಮಾತ್ರ ಹಳೆಯ ಉಕ್ಕಿನ ಮೂರು ಸೆಂಟಿಮೀಟರ್ ಉಳಿಸಿಕೊಂಡು, ಅದರ ದೋಣಿಯೊಳಗೆ ಫೈಬರ್ ತುದಿಯನ್ನು ಅಂಟಿಸಿ ಉಕ್ಕಿನ ತುಟಿಗಳನ್ನು ಇಕ್ಕುಳದಿಂದ ಒತ್ತಿದೆ. ಮತ್ತೆ ಬಾಟ್ಲಿ ಕಟ್ಟಿದೆ. 500 ಮಿ.ಲೀ. ತುಂಬಿದಾಗ ತುದಿಗಳು ಒಂದು ಗೇಣು ಬಾಗಿದವು. ನೀರು ಚೆಲ್ಲಿದೆ. ಎಂಟೂ ಎದ್ದು ನಿಂತವು.

ಮಡಚಿದ ಉದ್ದ 22.5. ತೂಕ 365 ಗ್ರಾಂ, ಅಡುಗೆಮನೆಯ ತಕ್ಕಡಿಯಲ್ಲಿ.

ಆಶ್ಲೇಷ ಮಳೆ

ಅಮ್ಮ ಮೂರು ಸಲ ಶೃಂಗೇರಿಗೆ ಹೋಗಿ ಬಂದರು. ಎರಡನೆಯ ಸಲ ಸೇತುವೆಯ ಮೇಲೆ ಗಾಳಿ ಅಡ್ಡಕ್ಕೆ ಹೊಡೆದು, "ಕೊಡೆ ಒಂದ್ಸಲ ಹೊಟ್ಟೆ ಉಬ್ಬಿಸ್ತು ಮಗಾ, ಆಮೇಲೆ ತಾನೇ ಸರಿ ಆಯ್ತು" ಎಂದರು. ಆ ಮಾತನ್ನು ಎರಡು ಸಲ ಹೇಳಿಸಿಕೊಂಡೆ. ಭುಜ ಮುಟ್ಟಿ ನೋಡಿದೆ, ಎರಡೂ ಒಣಗಿಯೇ ಇದ್ದವು.

ಕಿವಿಯ ಹತ್ತಿರ ಹಿಡಿದು ಮತ್ತೆ ಕೇಳಿದಾಗ ಆರನೆಯ ಕಡ್ಡಿಯ ಹೊರಗಿನ ಕೀಲು ಸಣ್ಣಗೆ ಮಾತಾಡುತ್ತಿದೆ. ಆ ಪಿನ್ನಿನ ತಲೆಯನ್ನು ಇನ್ನೊಮ್ಮೆ ಬಡಿಯಬೇಕು.

ಅಮ್ಮನಿಂದ ಬಂದ ದೂರು ಒಂದೇ. ಒದ್ದೆ ಕೊಡೆಯನ್ನು ಬ್ಯಾಗಿಗೆ ಹಾಕಿದರೆ ಬಸ್ ಪಾಸೂ ಮಾತ್ರೆಯ ಚೀಟಿಯೂ ನೆನೆಯುತ್ತವೆ. ನಾನು ಇದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಸಂಜೆ ಬರುವಷ್ಟರಲ್ಲಿ ಅವರೇ ಮಷಿನ್ ಮುಂದೆ ಕೂತು, ಬೇಡವೆಂದು ಎತ್ತಿಟ್ಟಿದ್ದ ನೈಲಾನಿನ ಎರಡು ಕಲಿ ಬಿಚ್ಚಿ, ಒಳಗೆ ಹಳೆಯ ಟರ್ಕಿ ಟವೆಲಿನ ತುಂಡು ಇಟ್ಟು ಒಂದು ಚೀಲ ಹೊಲಿದಿದ್ದರು. ಬಾಯಿಗೆ ಲಾಡಿ. ಕೊಡೆಯನ್ನು ಅದರಲ್ಲಿ ಹಾಕಿ ಅಳೆದೆ, 22.8. ಜಿಪ್ ಹಾಕಲು ಬಂತು.