ಕಟ್ಟು ನೀರಿನ ರಾತ್ರಿ

ಮಂಡ್ಯ ಕಡೆಯವರಿಗೆ 124.80 ಅಂದರೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಮಳೆಗಾಲದಲ್ಲಿ ಪೇಪರ್ ಬಂದರೆ ಟೀ ಅಂಗಡಿಯಲ್ಲಿ ಮೊದಲು ನೋಡೋದು ಕೆಆರ್‌ಎಸ್ ಕಟ್ಟೆಯಲ್ಲಿ ನೀರು ಎಷ್ಟು ಅಡಿ ಅನ್ನೋದನ್ನೇ, ಚಿನ್ನದ ರೇಟು ಆಮೇಲೆ. 124.80 ಅಡಿ ಮುಟ್ಟಿದರೆ ಕಟ್ಟೆ ತುಂಬಿತು ಅಂತ. ನಾನು ಸೆಕೆಂಡ್ ಪಿಯುಸಿ ಓದುತ್ತಿದ್ದ ವರ್ಷ ಕಟ್ಟೆ ತುಂಬಲಿಲ್ಲ. ವಿಶ್ವೇಶ್ವರಯ್ಯ ನಾಲೆಗೆ ಕಟ್ಟು ಪದ್ಧತಿಯಲ್ಲಿ ನೀರು: ಕೆಲವು ದಿನ ಬಿಡೋದು, ಕೆಲವು ದಿನ ನಿಲ್ಲಿಸೋದು. ಅದೇ ವರ್ಷ ಅಪ್ಪ ಗಾಡಿಯಿಂದ ಬಿದ್ದು ಸೊಂಟ ಮುರಿದುಕೊಂಡು ಮಂಚ ಹಿಡಿದರು.

ನಮ್ಮದು ಕೊನೇ ಭಾಗದ ಜಮೀನು. ಮೇಲಿನವರ ಗದ್ದೆ ತುಂಬಿ ಮಿಕ್ಕರೆ ನಮಗೆ. ಒಂದಿಷ್ಟು ಭತ್ತ, ಪಕ್ಕದಲ್ಲಿ ಕೂಳೆ ಕಬ್ಬು. ಭತ್ತ ಹೊಡೆಗೆ ಬಂದಿತ್ತು, ಇನ್ನೇನು ತೆನೆ ಹೊರಡಬೇಕು. ಆ ಹೊತ್ತಲ್ಲಿ ನೀರು ತಪ್ಪಿದರೆ ಕೈಗೆ ಸಿಗೋದು ಜೊಳ್ಳು.

ಒಂದು ಸಂಜೆ ಗದ್ದೆಗಳಿಗೆ ಸರದಿ ಮೇಲೆ ನೀರು ಬಿಡೋ ನೀರುಗಂಟಿ ಬಂದು, "ರಾತ್ರಿಗೆ ನಿಮ್ದು. ಯಾರ್ ಬತ್ತೀರಿ?" ಅಂದ. ಅಪ್ಪ ಗೋಡೆ ಕಡೆ ತಿರುಗಿ ಮಲಗಿದರು. ಅವ್ವ ಬ್ಯಾಟರಿ ತಂದು ನನ್ನ ಕೈಗಿಟ್ಟಳು.

ಒಣಗಿದ ಕಾಲುವೆಗೆ ನೀರು ಬರೋದನ್ನ ನೋಡಬೇಕು. ಮುಂದೆ ತರಗೆಲೆ, ನೊರೆ, ಬೀಡಿ ತುಂಡು. ಅದರ ಹಿಂದೆ ಬಿಲದಿಂದ ಎದ್ದು ಓಡೋ ಏಡಿಗಳು. ಬದುವಿನಲ್ಲಿ ಏಡಿ ಕೊರೆದ ತೂತಿಗೆಲ್ಲ ಹುಲ್ಲು ತುರುಕಿ ಕೆಸರು ಮೆತ್ತುತ್ತಾ ಹೋದೆ. ಅರ್ಧ ಮಡಿ ತುಂಬಿರಬೇಕು, ನೀರು ಸಣ್ಣಗಾಗಿ ನಿಂತೇಹೋಯಿತು.

ಸನಿಕೆ ಹೆಗಲಿಗೇರಿಸಿ ಕಾಲುವೆ ಹಿಡಿದು ಮೇಲಕ್ಕೆ ನಡೆದೆ. ಅಡ್ಡಲಾಗಿ ಕಲ್ಲು, ಗೋಣಿಚೀಲ. ಬದು ಮೇಲೆ ಅಪ್ಪನ ವಾರಿಗೆಯವರು, ವರಸೆಯಲ್ಲಿ ಚಿಕ್ಕಪ್ಪ, ಬೀಡಿ ಸೇದುತ್ತಾ ಕೂತಿದ್ದರು.

"ನಿಮ್ಮಪ್ಪನ್ನ ಕಳ್ಸು ಹೋಗ್ಲಾ, ಮಾತಾಡ್ತೀನಿ."

"ಅವ್ರು ಏಳಕ್ಕಾಗಲ್ಲ. ನನ್ ತಾವೇ ಮಾತಾಡಿ."

ಜಗಳಕ್ಕೆ ಮೈಯೆಲ್ಲ ಸಜ್ಜಾಗಿತ್ತು ನಿಜ. ಆದರೆ ಬ್ಯಾಟರಿ ಬಿಟ್ಟು ನೋಡಿದರೆ ಅವರ ಗದ್ದೆಯೂ ಬಿರುಕು ಬಿಟ್ಟಿತ್ತು. ಅರ್ಧರ್ಧ ಹಂಚಿಕೊಳ್ಳೋಣ ಅಂದರೆ ಸಣ್ಣ ನೀರು ನಮ್ಮ ಗದ್ದೆ ಮುಟ್ಟೋದೇ ಇಲ್ಲ, ದಾರಿಯಲ್ಲೇ ಮಣ್ಣು ಕುಡಿದುಬಿಡುತ್ತೆ. ಕಷ್ಟ ಹುಡುಗರನ್ನ ಗಂಡಸರು ಮಾಡುತ್ತೆ ಅಂತ ಊರವರು ಹೇಳ್ತಾರೆ. ಮೈಮುರಿಯೋದು ನನಗೇನು ಹೊಸದಲ್ಲ, ಚಡ್ಡಿ ಹಾಕೋ ಕಾಲದಿಂದ ಹುಲ್ಲಿನ ಹೊರೆ ಹೊತ್ತವನು. ಯಾವ ಬೆಳೆ ಉಳಿಸೋದು, ಯಾವುದನ್ನ ಬಿಡೋದು ಅಂತ ಮಾತ್ರ ಅದುವರೆಗೆ ಯಾರೂ ನನ್ನನ್ನ ಕೇಳಿರಲಿಲ್ಲ.

"ಬೆಳಗಾಗೋವರೆಗೂ ಪೂರ್ತಿ ನೀರು ನಮ್ ಭತ್ತಕ್ಕೆ ಬಿಡಿ. ಆಮೇಲೆ ಈ ಕಟ್ಟಲ್ಲಿ ನಮ್ ಕಬ್ಬಿನ ಪಾಲೂ ನೀವೇ ಹಾಯಿಸ್ಕಳಿ" ಅಂದೆ. ಕಬ್ಬು ಹೆಂಗೋ ತಡೆಯುತ್ತೆ, ಭತ್ತ ಮನೆಯ ಊಟ.

ಅವರು ಬೀಡಿ ಆರಿಸಿದರು. "ಮಾತು ತಪ್ಪಬೇಡ" ಅಂದು ತಾವೇ ಇಳಿದು ಗೋಣಿಚೀಲ ಎಳೆದರು.

ಬೆಳಿಗ್ಗೆ ಕೈಕಾಲು ತೊಳೆದು ಬಸ್ಸು ಹಿಡಿದೆ. ಫಿಸಿಕ್ಸ್ ಲ್ಯಾಬಿನಲ್ಲಿ ಪೆಂಡುಲಮ್ ತೂಗೋದನ್ನ ನೋಡುತ್ತಾ ನಿಂತಲ್ಲೇ ತೂಕಡಿಸಿದ್ದು ಬೇರೆ ಕತೆ.

ಆ ವರ್ಷ ಮನೆಗೆ ಅಕ್ಕಿ ಕೊಳ್ಳಲಿಲ್ಲ. ಕಬ್ಬು ಮಾತ್ರ ಸೊರಗಿತು, ಗೆಣ್ಣು ಹತ್ತಿರ ಹತ್ತಿರ. ಕಟಾವಿಗೆ ಫ್ಯಾಕ್ಟರಿಯವರನ್ನ ಕಾಯೋ ಹಾಗಿರಲಿಲ್ಲ, ಆಲೆಮನೆಗೆ ಹೊಡೆದೆವು. ರೇಟು ಮಾತಾಡೋಕೆ ಅಪ್ಪ ನನ್ನನ್ನೇ ಕಳಿಸಿದರು. ಹಾಗಂತ ಸುಮ್ಮನಿದ್ದರು ಅಂದುಕೊಳ್ಳಬೇಡಿ. ಈಗಲೂ ಕಬ್ಬಿನ ತೂಕ ಒಂಚೂರು ಇಳಿದರೆ ಸಾಕು, "ನೀರು ದಾನ ಮಾಡಿದ ಗಿರಾಕಿ ಅಲ್ವೇನಪ್ಪ ನೀನು" ಅಂತ ಶುರು ಮಾಡುತ್ತಾರೆ.