ಕೂರಲು ಒಲ್ಲದ ಬಾಡಿ: ಒಂದೂವರೆ ಮಿಲಿಮೀಟರಿನ ರಗಳೆ

ಕೊನೆಗೂ ಬಾಡಿ ಚಾಸಿಸ್ ಮೇಲೆ ಕೂತಿದೆ. ಇದು 1:24 ಸ್ಕೇಲಿನ ಪ್ಲಾಸ್ಟಿಕ್ ಮಾದರಿ ಕಾರಿನ ಕಿಟ್. ಎಂಜಿನ್, ಸಸ್ಪೆನ್ಷನ್, ಚಕ್ರಗಳ ಕಥೆ ಇಲ್ಲಿ ಬೇಡ, ಅವು ತಕರಾರಿಲ್ಲದೆ ಕೂಡಿಕೊಂಡವು. ಈ ಕಂತು ಪೂರ್ತಿ ಮೂತಿಯ ಬಳಿ ಬಿಟ್ಟುಕೊಂಡಿದ್ದ 1.5 ಮಿ.ಮೀ. ಸಂದಿಗೆ ಮೀಸಲು. ಹಿಂದಿನ ಟ್ಯಾಬ್ (ಬಾಡಿಯನ್ನು ಚಾಸಿಸ್‌ಗೆ ಸಿಕ್ಕಿಸುವ ನಾಲಿಗೆ) ಸಲೀಸಾಗಿ ಸಿಕ್ಕಿಕೊಳ್ಳುತ್ತಿತ್ತು, ಮುಂದಿನದು ಗಾಳಿಯಲ್ಲೇ ನಿಲ್ಲುತ್ತಿತ್ತು. ಒಂದೂವರೆ ಮಿಲಿಮೀಟರ್ ಯಾವ ಮಹಾ ಎನ್ನುವವರು 24ರಿಂದ ಗುಣಿಸಿ ನೋಡಲಿ: ನಿಜವಾದ ಕಾರಿನಲ್ಲಿ ಅದು 36 ಮಿ.ಮೀ., ಬಂಪರ್ ಕೆಳಗೆ ಎರಡು ಬೆರಳು ತೂರುವಷ್ಟು.

ಇಂಥ ಸಂದಿ ಕಂಡ ಕೂಡಲೇ ಕೈ ಸಂದಿ ತುಂಬುವ ಪುಟ್ಟಿಯ ಟ್ಯೂಬಿಗೋ ಅರಕ್ಕೋ ಹೋಗುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಸಂದಿ ಕಾಣುವುದು ಮೂತಿಯಲ್ಲಿ, ತಾಗುತ್ತಿರುವುದು ಬೇರೆಲ್ಲೋ. ಕ್ಲಾಂಪ್ ಬಿಗಿದು ಸೂಪರ್ ಗ್ಲೂ ಸುರಿದರೂ ಬಾಡಿ ಕೂರುತ್ತದೆ, ಸುಳ್ಳಲ್ಲ. ಆದರೆ ಒಳಗೆ ಒತ್ತಡ ಉಳಿದಿರುತ್ತದೆ. ಬಾಗಿಲ ಕೆಳಗಿನ ಸಿಲ್ ಹೊರಕ್ಕೆ ಉಬ್ಬುತ್ತದೆ, ಇಲ್ಲವೇ ಶೋಕೇಸಿನಲ್ಲಿ ಕೂತಲ್ಲೇ ಒಂದು ದಿನ ಜಾಯಿಂಟ್ ಟಪ್ ಎನ್ನುತ್ತದೆ.

ಹಾಗಾಗಿ ಮೊದಲು ಕಳ್ಳನನ್ನು ಹಿಡಿಯಬೇಕು. ಬರೀ ಬಾಡಿ ಮತ್ತು ಚಾಸಿಸ್ ಸೇರಿಸಿದರೆ ಸಂದಿ ಇಲ್ಲ. ಗಾಜಿನ ತುಂಡು (ಅಸಲಿಗೆ ಪಾರದರ್ಶಕ ಪ್ಲಾಸ್ಟಿಕ್) ಕೂರಿಸಿ, ಇಂಟೀರಿಯರ್ ಟಬ್ (ಸೀಟುಗಳು ಕೂರುವ ತೊಟ್ಟಿ) ಹೊರಗಿಟ್ಟರೂ ಇಲ್ಲ. ಟಬ್ ಮತ್ತು ಡ್ಯಾಶ್‌ಬೋರ್ಡ್ ಹಾಕಿ ಗಾಜು ತೆಗೆದರೆ ಆಗಲೂ ಇಲ್ಲ. ಮೂರೂ ಒಟ್ಟಿಗೆ ಇದ್ದಾಗ ಮಾತ್ರ ಮೂತಿ ಎತ್ತುತ್ತದೆ. ಅಂದರೆ ಡ್ಯಾಶ್‌ಬೋರ್ಡಿನ ತಲೆಗೂ ವಿಂಡ್‌ಸ್ಕ್ರೀನಿನ ಕೆಳ ಅಂಚಿಗೂ ಜಗಳ. ಖಾತ್ರಿಗೆ ಡ್ಯಾಶ್ ಮೇಲೆ ಲಿಪ್‌ಸ್ಟಿಕ್ ತೆಳ್ಳಗೆ ಸವರಿ, ಬಾಡಿ ಇಳಿಸಿ, ಎತ್ತಿ ನೋಡಿದರೆ ಗಾಜಿನ ಅಂಚಿನಲ್ಲಿ ಕೆಂಪು ಗುರುತು. ಅದನ್ನು ಒರೆಸಲು ಸೋಪಿನ ನೀರು ಸಾಕು. ಕ್ಲಿಯರ್ ಪ್ಲಾಸ್ಟಿಕ್ಕಿನ ಹತ್ತಿರ ಲ್ಯಾಕರ್ ಥಿನ್ನರ್ ಸುಳಿಯಕೂಡದು.

ಎಷ್ಟು ತೆಗೆಯಬೇಕು? ಇಲ್ಲಿ ಬಹಳ ಜನ ಎಡವುತ್ತಾರೆ. ಮೂತಿಯಲ್ಲಿ 1.5 ಇದೆಯೆಂದು ಡ್ಯಾಶಿನಿಂದ 1.5 ಕೆರೆದರೆ ಹೆಚ್ಚಾಯಿತು. ಬಾಡಿ ಹಿಂದಿನ ಟ್ಯಾಬಿನ ಸುತ್ತ ತಿರುಗುತ್ತದೆ. ಆ ಟ್ಯಾಬಿನಿಂದ ತಾಗುವ ಜಾಗಕ್ಕೆ 105 ಮಿ.ಮೀ., ಮೂತಿಗೆ 160. ಲೆಕ್ಕ ಹಾಕಿದರೆ ಡ್ಯಾಶ್ ಹತ್ತಿರ ಬೇಕಾದದ್ದು ಸುಮಾರು 1 ಮಿ.ಮೀ. ಅಷ್ಟೇ.

ಆ ಒಂದು ಮಿಲಿಮೀಟರಿಗೂ ಒಬ್ಬನೇ ಹೊಣೆಯಲ್ಲ. ಟಬ್‌ನ ಅಡಿಯಲ್ಲಿ ಎಜೆಕ್ಟರ್ ಪಿನ್ನಿನ (ಅಚ್ಚಿನಿಂದ ಭಾಗವನ್ನು ಹೊರತಳ್ಳುವ ಕಡ್ಡಿಯ) ಗುಬುಟುಗಳು, 0.4. ಡ್ಯಾಶಿನ ಟ್ಯಾಬ್‌ಗಳ ಮೂಲೆ ಚೌಕ, ಅವು ಇಳಿಯಬೇಕಾದ ಸ್ಲಾಟಿನ ತಳದ ಮೂಲೆ ದುಂಡು, ಹಾಗಾಗಿ ಡ್ಯಾಶ್ 0.35 ಮೇಲೆಯೇ ನಿಲ್ಲುತ್ತದೆ. ಚಾವಣಿಯ ಒಳಮೈಯಲ್ಲೂ ಪಿನ್ನಿನ ಉಂಗುರಗಳಿದ್ದು, ಗಾಜು 0.25 ಕೆಳಗೆ ತೂಗುತ್ತದೆ. ಮೂರೂ ಸೇರಿದರೆ ಲೆಕ್ಕ ಚುಕ್ತಾ. ಅಂದಾಜಿಗೆ ಅಳೆಯಲು ವಿಶೇಷ ಉಪಕರಣವೇನೂ ಬೇಡ, 0.25 ಮತ್ತು 0.5 ಮಿ.ಮೀ. ದಪ್ಪದ ಸ್ಟೈರೀನ್ (ಕಿಟ್‌ನದೇ ಪ್ಲಾಸ್ಟಿಕ್) ಪಟ್ಟಿಗಳನ್ನು ಸಂದಿಗೆ ತೂರಿಸಿ ನೋಡಿದರಾಯಿತು. ಬದಲಿ ಟಬ್ ತರಿಸಿಯೂ ಪ್ರಯೋಜನವಿಲ್ಲ. ಅದೇ ಅಚ್ಚು, ಅದೇ ಗುಬುಟು.

ರಿಪೇರಿ ಮಾತ್ರ ಲಿಪ್‌ಸ್ಟಿಕ್ ತನಿಖೆಗಿಂತ ಬೇಗ ಮುಗಿಯುತ್ತದೆ. ಟಬ್‌ನ ಗುಬುಟುಗಳನ್ನು ದುಂಡು ಬ್ಲೇಡಿನಿಂದ ಕೆರೆದು, 320ರ (ಉಜ್ಜುಕಾಗದದ ನುಣುಪಿನ ಅಂಕಿ) ಸ್ಯಾಂಡಿಂಗ್ ಸ್ಟಿಕ್‌ನಿಂದ ಸಪಾಟು ಮಾಡುವುದು. ಡ್ಯಾಶಿನ ಟ್ಯಾಬ್‌ಗಳ ಮೂಲೆಯನ್ನು ಚಾಕುವಿನಿಂದ ಓರೆಯಾಗಿ ಸವರುವುದು. ಸ್ಲಾಟನ್ನು ಅಗಲ ಮಾಡಬೇಡಿ, ಮಾಡಿದರೆ ಡ್ಯಾಶ್ ಅಕ್ಕಪಕ್ಕ ಓಲಾಡುತ್ತದೆ, ಸ್ಟೀರಿಂಗ್ ಸೊಟ್ಟ ನಿಲ್ಲುತ್ತದೆ. ಚಾವಣಿಯ ಉಂಗುರಗಳಿಗೆ 400ರ ಕಾಗದ, ಕೈಯಲ್ಲೇ. ಮೋಟರ್ ಟೂಲ್ ಹಿಡಿದರೆ ಘರ್ಷಣೆಯ ಬಿಸಿಗೆ ಸ್ಟೈರೀನ್ ಕರಗಿ ಮುದ್ದೆಯಾಗುತ್ತದೆ. ಗಾಜಿನ ಅಂಚನ್ನೇ ಕತ್ತರಿಸುವ ಆಸೆ ಬಂದರೆ ತಡೆದುಕೊಳ್ಳಿ. ಕ್ಲಿಯರ್ ಸ್ಟೈರೀನ್ ಪೆಡಸು, ಬಿರುಕು ಒಮ್ಮೆ ಹೊರಟರೆ ಎ-ಪಿಲ್ಲರ್ (ವಿಂಡ್‌ಸ್ಕ್ರೀನಿನ ಪಕ್ಕದ ಕಂಬ) ತನಕ ಓಡುತ್ತದೆ.

ಸಂದಿ ಸೊನ್ನೆಗೆ ಬಂದಲ್ಲಿಗೆ ನಿಲ್ಲಿಸಬಾರದು. ಡ್ಯಾಶಿನ ಮೇಲೆ ಬಣ್ಣ, ಗಾಜಿನ ಅಂಚಿಗೆ ಕಪ್ಪು ಬಾರ್ಡರ್, ಚಾವಣಿಯ ಒಳಗೆ ಹಾರಿದ ಪ್ರೈಮರ್ ಎಲ್ಲಕ್ಕೂ ದಪ್ಪ ಇರುತ್ತದೆ. ಇನ್ನೊಂದು 0.2 ಮಿ.ಮೀ. ಡ್ಯಾಶಿನ ತಲೆಯಿಂದ ತೆಗೆದಿಟ್ಟರೆ ಬಣ್ಣದ ನಂತರ ಅಳುವುದು ತಪ್ಪುತ್ತದೆ. ಟ್ಯಾಬ್ ಅಂಟುವ ಜಾಗಕ್ಕೆ ಮಾಸ್ಕಿಂಗ್ ಟೇಪ್ ಹಾಕಿಡಿ, ಬಣ್ಣದ ಮೇಲೆ ಹಾಕಿದ ಸಿಮೆಂಟ್ (ಪ್ಲಾಸ್ಟಿಕ್ ಕರಗಿಸಿ ಕೂಡಿಸುವ ಅಂಟು) ಪ್ಲಾಸ್ಟಿಕ್ಕನ್ನು ಬೆಸೆಯುವುದಿಲ್ಲ. ಗಾಜಿಗೆ ಬಿಳಿ ಗೋಂದೇ ಸರಿ, ಸೂಪರ್ ಗ್ಲೂ ಹಬೆಗೆ ಅದು ಮಂಜು ಕಟ್ಟಿಕೊಳ್ಳುತ್ತದೆ.

ಬಾನೆಟ್‌ನದು ಸಣ್ಣ ತಂಟೆ. ಹಿಂದಿನ ಎಡ ಮೂಲೆ ಎದ್ದಿತ್ತು. 80 ಡಿಗ್ರಿ ಆಸುಪಾಸಿನ ನೀರಲ್ಲಿ ಅದ್ದಿ, ಬೇಕಾದ್ದಕ್ಕಿಂತ ಒಂಚೂರು ಹೆಚ್ಚೇ ಬಗ್ಗಿಸಿ, ಹಾಗೇ ಹಿಡಿದು ತಣ್ಣೀರಿಗೆ. ಕುದಿಯುವ ನೀರಿಗೆ ಹಾಕಿದರೆ ಬಾನೆಟ್ ಹೋಗಿ ಹಪ್ಪಳ. ಬಲ ಅಂಚಿನಲ್ಲಿ ಸಂದಿ ಅಗಲವಿದ್ದದ್ದಕ್ಕೆ 0.25ರ ಪಟ್ಟಿಯನ್ನು ತೆಳು ಸಿಮೆಂಟಾದ ತಮಿಯಾ ಎಕ್ಸ್‌ಟ್ರಾ ಥಿನ್‌ನಿಂದ ಅಂಟಿಸಿ, ಒಂದಿಡೀ ದಿನ ಬಿಟ್ಟು ಉಜ್ಜುವುದು. ಪಟ್ಟಿ ಬಾನೆಟ್‌ಗೇ ಅಂಟಲಿ, ಬಾಡಿಗೆ ಬೇಡ. ಕೆಟ್ಟರೆ ಸಣ್ಣ ಭಾಗ ಕೆಡಲಿ. ಅಂಚಿಗೆ ಪುಟ್ಟಿ ಹಚ್ಚುವುದೂ ದಂಡ. ಅದು ಒಣಗುತ್ತಾ ಕುಗ್ಗುತ್ತದೆ, ಬಾನೆಟ್ ತೆಗೆದು ಹಾಕುವಾಗ ಚಕ್ಕೆ ಏಳುತ್ತದೆ. ಪ್ರೈಮರ್‌ಗೆ ಮುನ್ನ 0.25ರ ಪಟ್ಟಿ ಬಾನೆಟ್ ಸುತ್ತ ಎಲ್ಲೂ ಕಚ್ಚದೆ ಜಾರಬೇಕು.

ಇಂಥದೇ ಅನುಪಾತದ ಲೆಕ್ಕ ಮುಂದಿನ ಪ್ರಾಜೆಕ್ಟಿಗೂ ಬೇಕು. ಅದು ರೆಸಿನ್ (ಅಚ್ಚಿಗೆ ಸುರಿದು ಗಟ್ಟಿಯಾಗಿಸುವ ಪ್ಲಾಸ್ಟಿಕ್) ಬಾಡಿ, ಕಿಟ್‌ನ ಚಾಸಿಸ್ ಮೇಲೆ. ರೆಸಿನ್ ಎರಕ ಶೇ. 1 ಕುಗ್ಗಿದರೂ 160 ಮಿ.ಮೀ. ಉದ್ದದಲ್ಲಿ 1.6 ಕಡಿಮೆ, 100 ಮಿ.ಮೀ. ವೀಲ್‌ಬೇಸಿನಲ್ಲಿ 1. ಚಕ್ರಗಳು ಕಮಾನಿನ ನಡುವೆ ನಿಲ್ಲಬೇಕಾದರೆ ಚಾಸಿಸ್‌ನ ಫ್ಲೋರನ್ನು ಎರಡು ಆಕ್ಸಲ್‌ಗಳ ನಡುವೆ ಅಡ್ಡ ಕೊಯ್ದು 1 ಮಿ.ಮೀ. ತೆಗೆಯಬೇಕು, ಅದರಲ್ಲಿ ಗರಗಸವೇ ನುಂಗುವ 0.25 ಕೂಡ ಸೇರಿತು. ಟಬ್ಬೂ ಅಷ್ಟೇ ಗಿಡ್ಡವಾಗಬೇಕು. ರೆಸಿನ್‌ಗೆ ಸ್ಟೈರೀನ್ ಸಿಮೆಂಟ್ ಹಿಡಿಯದು, ಎಪಾಕ್ಸಿ ಇಲ್ಲವೇ ಸೂಪರ್ ಗ್ಲೂ ಬೇಕು. ಉಜ್ಜುವುದೆಲ್ಲ ನೀರು ಹಾಕಿ, ಮಾಸ್ಕ್ ಕಟ್ಟಿಕೊಂಡು. ಆದರೆ ಕೊಯ್ಯುವ ಮುನ್ನ ರೆಸಿನ್ ಬಾಡಿಯ ಕಮಾನಿನಿಂದ ಕಮಾನಿಗೆ ಎಡಬಲ ಎರಡೂ ಕಡೆ ಕ್ಯಾಲಿಪರ್ ಹಿಡಿಯಬೇಕು. ಎರಡೂ ಬದಿ ಒಂದೇ ಸಮ ಕುಗ್ಗಿರುತ್ತವೆಂಬ ಭರವಸೆಯನ್ನು ಯಾವ ಎರಕದವರೂ ಪೆಟ್ಟಿಗೆಯ ಮೇಲೆ ಬರೆದು ಕೊಡುವುದಿಲ್ಲ.