ಕೆಂಬೇರಿಗಾಗಿ ಮೈಸೂರಿನಿಂದ ಸಸಿಹಿತ್ಲಿಗೆ

ಕೆಆರ್‌ಎಸ್ ಹಿನ್ನೀರಿನಲ್ಲಿ ಹಿಟ್ಟಿನ ಉಂಡೆ ಕಟ್ಟಿ ಕಾಟ್ಲಾ, ರೋಹು ಹಿಡಿಯುವ ನಮ್ಮ ಕಡೆಯ ಗಾಳದವರಿಗೆ ಕಡಲ ಹುಚ್ಚು ಒಮ್ಮೆ ಹಿಡಿದರೆ ಬಿಡುವುದಿಲ್ಲ. ಅದರಲ್ಲೂ ಕೆಂಬೇರಿ. ತಾಮ್ರದ ಬಣ್ಣದ ಈ ಮೀನು ರಾತ್ರಿ ಬೇಟೆಗೆ ಇಳಿಯುತ್ತದೆ. ದೋಣಿ ಬೇಡ, ದಡದಲ್ಲಿ ನಿಂತೇ ಹಿಡಿಯಬಹುದು. ನಾನು, ಶ್ರೀರಂಗಪಟ್ಟಣದ ನಮ್ಮ ಭಾವ, ಇಬ್ಬರು ಗೆಳೆಯರು ಹೋಗಿ ಬಂದೆವು. ಹೊರಡುವ ಯೋಚನೆ ಇರುವವರಿಗೆ ಉಪಯೋಗಕ್ಕೆ ಬರಬಹುದು ಅಂತ ಬರೆಯುತ್ತಿದ್ದೇನೆ.

ಎಲ್ಲಕ್ಕಿಂತ ಮುಖ್ಯ ತಾರೀಕು. ಭಾನುವಾರ ರಜೆ ಇದೆ ಅಂತ ಹೊರಟರೆ ಕೆರೆಗೆ ನಡೆಯುತ್ತದೆ, ಕಡಲಿಗೆ ನಡೆಯುವುದಿಲ್ಲ. ಅಲ್ಲಿ ದಿನಕ್ಕೆ ಎರಡು ಸಲ ನೀರು ಏರಿ ಎರಡು ಸಲ ಇಳಿಯುತ್ತದೆ. ಆ ಹೊತ್ತು ದಿನಾ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಈ ಶನಿವಾರ ರಾತ್ರಿ 9ಕ್ಕೆ ನೀರು ತುಂಬಿದ್ದರೆ ಮುಂದಿನ ಶನಿವಾರ ಅದೇ 9ಕ್ಕೆ ಹೆಚ್ಚು ಕಡಿಮೆ ಪೂರ್ತಿ ಇಳಿದಿರುತ್ತದೆ. ಆದ್ದರಿಂದ ಮೊಬೈಲಿನಲ್ಲಿ ಮಂಗಳೂರಿನ ಉಬ್ಬರ ಇಳಿತದ ಪಟ್ಟಿ ತೆಗೆದು, ಕತ್ತಲಾದ ಮೇಲೆ ನೀರು ಏರುವ ದಿನ ಹುಡುಕಿ. ರಜೆಯನ್ನು ಆಮೇಲೆ ಹಾಕಿ. ಅಮಾವಾಸ್ಯೆಯ ಆಸುಪಾಸು ಸಿಕ್ಕರೆ ಇನ್ನೂ ಒಳ್ಳೆಯದು, ಬೆಳದಿಂಗಳಲ್ಲಿ ಈ ಮೀನು ಹುಷಾರಾಗಿರುತ್ತದೆ ಅನ್ನುವುದು ನನ್ನ ಅನಿಸಿಕೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಕಡೆ ತಲೆ ಹಾಕಬೇಡಿ. ಮಳೆಗಾಲದ ಅಲೆಗೆ ದಡವೇ ಕುಸಿಯುತ್ತದೆ. ಬೇರೆ ತಿಂಗಳಲ್ಲೂ ಹೊರಡುವ ಮುಂಚೆ ಕಡಲ ಮಾಹಿತಿ ಕೊಡುವ ಕೇಂದ್ರ ಸರ್ಕಾರದ ಇನ್‌ಕಾಯಿಸ್ ಸಂಸ್ಥೆಯವರ ಅಲೆ ಮುನ್ನೆಚ್ಚರಿಕೆ ನೋಡಿಕೊಳ್ಳಿ.

ದಾರಿ ಎಲ್ಲರಿಗೂ ಗೊತ್ತಿರುವುದೇ. ಹುಣಸೂರು, ಕುಶಾಲನಗರ, ಮಡಿಕೇರಿ, ಸಂಪಾಜೆ ಘಾಟಿ, ಸುಳ್ಯ, ಪುತ್ತೂರು, ಬಿ.ಸಿ. ರೋಡ್. ಮಂಗಳೂರು ದಾಟಿ ಸುರತ್ಕಲ್ ಆದಮೇಲೆ ಹಳೆಯಂಗಡಿಯಲ್ಲಿ ಎಡಕ್ಕೆ ತಿರುಗಿದರೆ ಸಸಿಹಿತ್ಲು. ಕಾರಿನಲ್ಲಿ ಆರೇಳು ಗಂಟೆ ಇಟ್ಟುಕೊಳ್ಳಿ. ಬೆಳಿಗ್ಗೆ ಬೇಗ ಬಿಟ್ಟರೆ ಮಧ್ಯಾಹ್ನದ ಇಳಿತಕ್ಕೆ ಅಲ್ಲಿರಬಹುದು. ಇದು ಸುಮ್ನೆ ಹೇಳುತ್ತಿಲ್ಲ. ಹಗಲಲ್ಲಿ, ನೀರು ಇಳಿದಿರುವಾಗ ದಡ ನೋಡದೆ ರಾತ್ರಿ ಗಾಳ ಹಾಕುವುದು ಕಣ್ಣು ಕಟ್ಟಿಕೊಂಡು ನಡೆದ ಹಾಗೆ.

ಸಸಿಹಿತ್ಲಿನಲ್ಲಿ ನಂದಿನಿ, ಶಾಂಭವಿ ಎರಡೂ ನದಿಗಳು ಕಡಲು ಸೇರುತ್ತವೆ. ಅಳಿವೆಯ ಕಡೆ ಮರಳು ದಿಬ್ಬಗಳಿವೆ. ದಿಬ್ಬದ ಮೇಲೆ ಅಲೆ ಒಡೆದು ಬಿಳಿಯಾಗುತ್ತದೆ. ಎರಡು ದಿಬ್ಬಗಳ ನಡುವೆ ಅಲೆ ಒಡೆಯದೆ ನೀರು ಕಪ್ಪಗೆ ಕಾಣುವ ಜಾಗವೇ ಗುಂಡಿ. ಉಬ್ಬರದಲ್ಲಿ ಸಣ್ಣ ಮೀನು, ಸಿಗಡಿ ಅದೇ ದಾರಿಯಲ್ಲಿ ಒಳಗೆ ಬರುತ್ತವೆ, ಹಿಂದೆಯೇ ಕೆಂಬೇರಿ. ಆದರೆ ದಡಕ್ಕೆ ಬಂದ ನೀರು ಜೋರಾಗಿ ವಾಪಸ್ ಹೋಗುವುದೂ ಅದೇ ಗುಂಡಿಯಲ್ಲಿ. ಗಾಳ ಅಲ್ಲಿ ಇರಲಿ, ನೀವು ಅಲ್ಲಿ ಇರಬೇಡಿ. ಮೊಣಕಾಲಿಗಿಂತ ಮೇಲೆ ನೀರಿಗೆ ಇಳಿಯುವ ಅಗತ್ಯವೇ ಇಲ್ಲ.

ಸಂಜೆ ನಾವು ಶಕ್ತಿಯೆಲ್ಲಾ ಹಾಕಿ ಗಾಳ ಬೀಸುತ್ತಿದ್ದಾಗ ಬೀಸುಬಲೆ ಹಿಡಿದು ಬಂದ ಹಿರಿಯರೊಬ್ಬರು ನಿಂತು ನೋಡಿದರು. “ಅಷ್ಟು ದೂರ ಯಾಕೆ ಬಿಸಾಡ್ತೀರಿ ಮಾರಾಯ್ರೇ? ಕತ್ತಲಾದ ಮೇಲೆ ಮೀನು ನಿಮ್ಮ ಕಾಲ್ಬುಡದಲ್ಲೇ ಉಂಟು” ಅಂದರು. ಅವರ ಬಲೆಯಲ್ಲಿ ಬಿದ್ದಿದ್ದ ಜೀವಂತ ಸಿಗಡಿಯನ್ನೇ ಎರೆಗೆ ಕೊಂಡೆವು. ಮಂಗಳೂರಿನ ದಕ್ಕೆಯಲ್ಲಿ, ಅಂದರೆ ಮೀನು ಬಂದರಿನಲ್ಲಿ, ತಂದ ಬೂತಾಯಿ ಮೀನು, ಬೊಂಡಾಸ್ (ಸ್ಕ್ವಿಡ್) ಕೂಡ ಇತ್ತು. ಬೂತಾಯಿ ಮೆತ್ತಗೆ, ಏಡಿಗಳು ಐದು ನಿಮಿಷದಲ್ಲಿ ಕಿತ್ತು ತಿಂದು ಮುಗಿಸುತ್ತವೆ. ಬೊಂಡಾಸ್ ಗಟ್ಟಿ. ಜೀವಂತ ಸಿಗಡಿಗೆ ಮಾತ್ರ ಸಾಟಿ ಇಲ್ಲ. ನಮ್ಮೂರಿನ ಎರೆಹುಳು, ಹಿಟ್ಟು ಯಾವುದೂ ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ಸಾಮಾನಿಗೆ ಬಹಳ ಖರ್ಚು ಬೇಡ. ಹತ್ತು ಅಡಿಯ ರಾಡ್, 5000 ಅಳತೆಯ ರೀಲ್, 30 ಪೌಂಡ್ ತಡೆಯುವ ಬ್ರೇಡ್ (ಹೆಣೆದ ದಾರ), ತುದಿಗೆ ಒಂದು ಮಾರು ದಪ್ಪ ನೈಲಾನ್ ದಾರ. ಕೆಂಬೇರಿಯ ಕೋರೆಹಲ್ಲಿಗೆ ತೆಳು ದಾರ ತಡೆಯುವುದಿಲ್ಲ. ರಾಡ್ ನಿಲ್ಲಿಸಲು ಒಂದೂವರೆ ಇಂಚಿನ ಪಿವಿಸಿ ಪೈಪನ್ನು ಓರೆಯಾಗಿ ಕೊಯ್ಸಿಕೊಂಡು ಹೋಗಿ, ಅಂಗಡಿಯ ಸ್ಟ್ಯಾಂಡಿಗಿಂತ ಅದೇ ವಾಸಿ. ತಲೆಗೆ ಕಟ್ಟುವ ಟಾರ್ಚ್ ಬೇಕೇ ಬೇಕು, ಆದರೆ ಅದನ್ನು ನೀರಿನ ಮೇಲೆ ಬಿಡಬೇಡಿ.

ಏಳೂವರೆಯ ಹೊತ್ತಿಗೆ ನೀರು ಏರತೊಡಗಿತು. ಗಾಳ ಬಿದ್ದದ್ದು ದಡದಿಂದ ಹದಿನೈದು ಮೀಟರ್ ಆಚೆ ಇದ್ದಿರಬಹುದು. ಮೊದಲು ಸಣ್ಣ ಕೊಡ್ಡಾಯಿ, ಆಮೇಲೆ ತೇಡೆ ಅನ್ನುವ ಕಡಲ ಮೀಸೆ ಮೀನು. ಒಂಬತ್ತು ದಾಟಿದ ಮೇಲೆ ಭಾವನ ರಾಡ್ ಎರಡು ಸಲ ತಲೆಯಾಡಿಸಿತು. ಮೂರನೆಯದಕ್ಕೆ ಪೈಪಿನ ಸಮೇತ ಮರಳಿಗೆ ಬಾಗಿತು. ಕಾಟ್ಲಾ ಆದರೆ ಅಗಲವಾಗಿ ಸುತ್ತು ಹಾಕಿ ಸುಸ್ತಾಗುತ್ತದೆ. ಇದು ಹಾಗಲ್ಲ, ಕಚ್ಚಿದ ತಕ್ಷಣ ನೆಟ್ಟಗೆ ಕಲ್ಲಿನ ಕಡೆ ಓಡುತ್ತದೆ. ಮೊದಲ ಹತ್ತು ಸೆಕೆಂಡಿನಲ್ಲಿ ತಡೆದರೆ ಮೀನು ನಿಮ್ಮದು. ಅದಕ್ಕೇ ರೀಲಿನಿಂದ ದಾರ ಬಿಚ್ಚಿಕೊಳ್ಳುವುದನ್ನು ತಡೆಯುವ ಡ್ರ್ಯಾಗ್ ಮೊದಲೇ ಬಿಗಿ ಇರಬೇಕು. ಎಳೆದು ತರುವಾಗ ಅಲೆಯ ಜೊತೆ ಹಿಂದಕ್ಕೆ ನಡೆಯಿರಿ. ಅಲೆ ವಾಪಸ್ ಹೋಗುವಾಗ ಎಳೆಯದೆ ಸುಮ್ಮನೆ ಹಿಡಿದು ನಿಲ್ಲಿ. ಟಾರ್ಚ್ ಬೆಳಕಿಗೆ ಮೊದಲು ಕಂಡದ್ದು ಬೆನ್ನಿನ ಮುಳ್ಳು, ಆಮೇಲೆ ಕೆಂಪು ಪಕ್ಕೆ. ತಕ್ಕಡಿಯಲ್ಲಿ ಮೂರು ಕೆಜಿ ಮೇಲೆಯೇ ಬಂತು. “ಏನ್ಲಾ ಇದು!” ಅಂತ ಭಾವ ಮರಳಲ್ಲೇ ಕೂತುಬಿಟ್ಟರು. ಆ ರಾತ್ರಿ ಇನ್ನೊಂದು ಸಿಕ್ಕಿತು, ಅಂಗೈಯಷ್ಟು. ಬಿಟ್ಟೆವು. ನಿಧಾನವಾಗಿ ಬೆಳೆಯುವ ಮೀನು ಇದು. ಚಿಕ್ಕವು ಅಳಿವೆಯ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬೇರುಗಳ ನಡುವೆ ದೊಡ್ಡದಾಗಿ ಆಮೇಲೆ ಆಳಕ್ಕೆ ಹೋಗುತ್ತವೆ.

ಸಿಗುವುದೆಲ್ಲಾ ಕೆಂಬೇರಿ ಆಗಿರುವುದಿಲ್ಲ ಅಲ್ವಾ. ತೇಡೆಯ ಬೆನ್ನು ಮತ್ತು ಎರಡೂ ಪಕ್ಕದ ಮುಳ್ಳಿನಲ್ಲಿ ವಿಷವಿದೆ, ಇಕ್ಕಳದಲ್ಲೇ ಬಿಡಿಸಿ. ಬಾಲದಲ್ಲಿ ವಿಷದ ಮುಳ್ಳಿರುವ ಚಪ್ಪಟೆ ಮೀನು ತೊರಕೆ ಮರಳಿನಲ್ಲಿ ಹೂತುಕೊಂಡಿರುತ್ತದೆ. ನೀರಲ್ಲಿ ಕಾಲೆತ್ತಿ ಇಡಬೇಡಿ, ಎಳೆದುಕೊಂಡು ನಡೆದರೆ ಅದೇ ಸರಿದು ಹೋಗುತ್ತದೆ. ಚುಚ್ಚಿದರೆ ಚರ್ಮ ಸುಡದಷ್ಟು ಬಿಸಿಯಾದ ನೀರಿನಲ್ಲಿ ಕಾಲಿಟ್ಟು ಆಸ್ಪತ್ರೆಗೆ ಹೊರಡಿ. ಒಂದು ಫ್ಲಾಸ್ಕ್ ಬಿಸಿನೀರು ಜೊತೆಗಿರಲಿ, ಉಳಿದರೆ ಕಾಫಿಗಾಯಿತು. ಬಲೂನಿನ ಹಾಗೆ ಉಬ್ಬುವ ಮೀನು ಬಂದರೆ ಬಿಟ್ಟುಬಿಡಿ. ಅದರ ವಿಷ ಬೇಯಿಸಿದರೂ ಹೋಗುವುದಿಲ್ಲ. ಬೆಳಗಿನ ಜಾವ ದಡದಿಂದಲೇ ಬಲೆ ಎಳೆಯುವ ಕೈರಂಪಣಿಯವರು ಬರುವ ಮುಂಚೆ ಗಾಳ ಎತ್ತಿ ಜಾಗ ಖಾಲಿ ಮಾಡಿ. ಅದು ಅವರ ಅನ್ನ, ನಮಗೆ ಮೋಜು.

ಮೀನು ತರುವುದೇ ಕೊನೆಯ ಪರೀಕ್ಷೆ. ಹಿಡಿದ ತಕ್ಷಣ ಕಿವಿರು ಕೊಯ್ದು ರಕ್ತ ಬಸಿಯಿರಿ, ಕರುಳು ತೆಗೆಯಿರಿ. ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಕೆಳಗೆ ಐಸ್, ಮೇಲೆ ಐಸ್, ಕರಗಿದ ನೀರು ಹೊರಗೆ ಹೋಗಲು ಒಂದು ತೂತು. ಪೆಟ್ಟಿಗೆ ತುಂಬಿದ ಆತುರಕ್ಕೆ ರಾತ್ರೋರಾತ್ರಿ ಘಾಟಿ ಹತ್ತಬೇಡಿ. ನಿದ್ದೆಗಣ್ಣು, ಮಡಿಕೇರಿಯ ಮಂಜು, ಸುಂಟಿಕೊಪ್ಪ ದಾಟಿದ ಮೇಲೆ ಆನೆಕಾಡು, ಮೂರೂ ಒಟ್ಟಿಗೆ ಬೇಡ. ಐಸ್ ಸರಿಯಾಗಿದ್ದರೆ ಮಲಗೆದ್ದು ಹೊರಟರೂ ಮೀನಿಗೆ ಏನೂ ಆಗುವುದಿಲ್ಲ. ಮನೆಯಲ್ಲಿ ಅಕ್ಕ ಪಕ್ಕೆಯ ತುಂಡುಗಳನ್ನು ಹುರಿದು, ತಲೆಗೆ ಹುಣಸೆಹುಳಿ ಹಿಂಡಿ ನಮ್ಮ ಕಡೆಯ ಸಾರು ಮಾಡಿದರು. ಮುದ್ದೆಗೆ ತಲೆಯ ಸಾರೇ ಹೆಚ್ಚು ರುಚಿ, ಅದನ್ನು ಅಲ್ಲೇ ಬಿಟ್ಟು ಬರಬೇಡಿ.

ಊಟಕ್ಕೆ ಕೂರುವ ಮುಂಚೆ ರಾಡ್, ರೀಲ್ ಎರಡನ್ನೂ ಸಿಹಿನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಹಿನ್ನೀರಿಗೆ ಹೋಗಿ ಬಂದು ಮೂಲೆಗಿಟ್ಟ ಹಾಗೆ ಇಟ್ಟರೆ ಒಂದೇ ವಾರದಲ್ಲಿ ಬೇರಿಂಗ್ ತುಕ್ಕು ಹಿಡಿಯುತ್ತದೆ.